ಅಪ್ಪ ಸೇದಲ್ಲ

ಹಲೋ... ಹಲೋ, ಯಾರು ಮಾತಾಡ್ತಿರೋದು?... ಹಾಂ, ಹಾಂ. ಅಲ್ಲ, ಇದು ಸಿಗರೇಟು ಬಿಡಿಸೋ ನಂಬರ್ ತಾನೆ?... ನೀವು ಮನುಷ್ಯರೇ ಅಲ್ವಾ? ತಪ್ಪು ತಿಳ್ಕೋಬೇಡಿ ಮೇಡಂ. ಅದಕ್ಕೆ ಒಂದು ಒತ್ತಿ, ಇದಕ್ಕೆ ಎರಡು ಒತ್ತಿ ಅಂತ ಯಾವಳೋ ಒಬ್ಬಳು ಇಷ್ಟೊತ್ತು ಒತ್ತಿಸ್ತಾನೇ ಇದ್ಲು. ನೀವೂ ಅವಳೇನೋ ಅಂದ್ಕೊಂಡೆ...

ಹೆಸರು ಬೇಕೇ ಬೇಕಾ?... ಬೇಡ ಅಂದ್ರೆ ಬೇಡ. ಬೈಂಡರ್ ಅಂತ ಬರ್ಕೊಳ್ಳಿ. ಪುಸ್ತಕ ಹೊಲಿದು ರಟ್ಟು ಹಾಕೋ ಕೆಲಸ. ಪ್ರೆಸ್ಸಲ್ಲಿ ಎಲ್ಲರೂ ಹಾಗೇ ಕರೆಯೋದು. ಹೆಸರು ಹಿಡಿದು ಕರೆದ್ರೆ ನಾನೇ ತಿರುಗಿ ನೋಡಲ್ಲ...

ಕೇಳಿಸ್ತಿದೆ, ಹೇಳಿ... ಆ ಸದ್ದಾ? ಗಾಡಿ ಅದು. ಆಸ್ಪತ್ರೆ ಹಿಂದಿನ ಮೆಟ್ಟಿಲ ಮೇಲೆ ಕೂತಿದೀನಿ, ಕೊಳೆಬಟ್ಟೆ ಗಾಡಿಗಳೆಲ್ಲ ಇಲ್ಲೇ ಹೋಗೋದು... ನನಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ. ಮಗಳು. ಎರಡನೇ ಮಹಡಿ, ಮಕ್ಕಳ ವಾರ್ಡು... ಏಳು ವರ್ಷ... ಉಸಿರು ಮೇಡಂ. ಉಸಿರಾಡಕ್ಕೆ ಆಗ್ತಿರಲಿಲ್ಲ. ಇವತ್ತಿಗೆ ನಾಲ್ಕು ದಿನ. ಈಗ ಪರವಾಗಿಲ್ಲ, ಆಕ್ಸಿಜನ್ ಬೆಳಿಗ್ಗೆ ತೆಗೆದ್ರು. ನಾಳೆ ಮನೆಗೆ ಕಳಿಸ್ತಾರಂತೆ...

ದಿನಕ್ಕಾ? ಒಂದು ಎಂಟು... ಹತ್ತು ಅಂದ್ಕೊಳ್ಳಿ... ಯಾಕೆ ಸುಮ್ಮನಾದ್ರಿ?... ಓ, ಬರ್ಕೋತಿದೀರಾ. ತಡೀರಿ, ಬರ್ಕೋಬೇಡಿ. ಹದಿನೆಂಟು. ರಜಾ ದಿನ ಅದಕ್ಕೂ ಜಾಸ್ತಿ. ನೋಡಿ, ಮುಖ ಮೂತಿ ಗೊತ್ತಿಲ್ಲದ ನಿಮ್ಮ ಹತ್ರಾನೂ ಬಾಯಿ ಬಿಟ್ಟ ತಕ್ಷಣ ಸುಳ್ಳೇ ಬಂತು. ನಾಲಿಗೆ ಹಾಗೆ ತಿರುಗಿಬಿಟ್ಟಿದೆ...

ಹತ್ತೊಂಬತ್ತನೇ ವಯಸ್ಸಿಂದ. ಈಗ ನಲವತ್ತೊಂದು... ಬಿಟ್ಟಿದ್ದೆ, ಬಿಟ್ಟೇ ಇಲ್ಲ ಅಂತಲ್ಲ. ಮೂರು ಸಲ. ಎಲ್ಲಕ್ಕಿಂತ ಜಾಸ್ತಿ ಅಂದ್ರೆ ಹನ್ನೊಂದು ದಿನ. ಹನ್ನೆರಡನೇ ದಿನ ಏನೂ ಆಗಲಿಲ್ಲ ಮೇಡಂ, ಯಾರೂ ಬೈಲಿಲ್ಲ, ಯಾರೂ ಸಾಯಲಿಲ್ಲ. ಒಳ್ಳೆ ಬಿಸಿಲಿತ್ತು. ಕಟಿಂಗ್ ಮೆಷಿನ್ ಮೇಸ್ತ್ರಿ ಗೇಟಿನ ಹತ್ರ ನಿಂತು ಸೇದ್ತಿದ್ದ, ನಾನೂ ಹೋಗಿ ನಿಂತೆ. ಅಷ್ಟೇ...

ಇಲ್ಲ, ಇಲ್ಲ, ಪ್ರೆಸ್ ಒಳಗೆ ಸೇದೋ ಹಾಗೇ ಇಲ್ಲ. ತಲೆ ಮೇಲೆ, ಕಾಲ ಕೆಳಗೆ ಎಲ್ಲಾ ಕಡೆ ಕಾಗದ. ಒಂದು ಕಿಡಿ ಸಾಕು. ಹತ್ತಕ್ಕೆ ಒಳಗೆ ಹೋದ್ರೆ ಊಟದ ಹೊತ್ತಲ್ಲಿ ಗೇಟಿನಾಚೆ ಎರಡು, ಸಾಯಂಕಾಲ ಬಿಟ್ಟ ಮೇಲೆ ಉಳಿದದ್ದು. ಹದಿನಾಲ್ಕು ವರ್ಷ ಆಯ್ತು, ಒಂದು ದಿನ ಒಂದು ದಮ್ಮು ಒಳಗೆ ಎಳೆದಿಲ್ಲ. ಆ ವಿಷಯದಲ್ಲಿ ನಾನು ಭಾಳ ಕಟ್ಟುನಿಟ್ಟು... ಏನಂದ್ರಿ?... ಹೌದು. ಒಟ್ಟು ಏಳು ಗಂಟೆ ಸೇದದೆ ಇರ್ತೀನಿ. ಇರಕ್ಕಾಗುತ್ತೆ... ಹೌದು ಮೇಡಂ. ಯಾರದೋ ಪುಸ್ತಕ ಸುಟ್ಟು ಹೋಗಬಾರದು ಅಂತ ಇರ್ತೀನಿ... 

... ಇದೀನಿ, ಇದೀನಿ. ನೀವು ಹೇಳಿದ ಹಾಗೆ ಯಾವತ್ತೂ ಯೋಚನೆ ಮಾಡಿರಲಿಲ್ಲ...

ಮನೇಲಿ ಮೂರು ಜನ. ನಾನು, ಹೆಂಡತಿ, ಮಗಳು... ಬೇರೆ ಮಕ್ಕಳು ಅಂದ್ರೆ... ಇದ್ದ ಒಬ್ಬ. ಅದನ್ನ ಆಮೇಲೆ ಹೇಳ್ತೀನಿ. ಹೇಳ್ತೀನಿ, ಅದಕ್ಕೇ ಫೋನ್ ಮಾಡಿದ್ದು. ಸ್ವಲ್ಪ ಸುತ್ತಿ ಬಳಸಿ ಬರ್ತೀನಿ, ಸಹಿಸ್ಕೊಳ್ಳಿ...

ಮನೆ ಅಂದ್ರೆ ಒಂದು ರೂಮು, ಒಂದು ಅಡುಗೆ ಜಾಗ, ಬಚ್ಚಲು. ಮೂರನೇ ಮಹಡಿ. ಕಿಟಕಿ ಇದೆ, ಆದ್ರೆ ತೆಗೆದ್ರೆ ಎದುರು ಮನೆ ಗೋಡೆ. ಕೈ ಚಾಚಿದ್ರೆ ಅವರ ಪೈಪು ಮುಟ್ಟಬಹುದು... ಹೆಂಡತಿ ಹೋಟೆಲ್ ಲಾಂಡ್ರೀಲಿ, ಬೆಡ್‌ಶೀಟ್ ಒಗೆದು ಇಸ್ತ್ರಿ ಹಾಕೋ ಕಡೆ. ಐದೂವರೆಗೆ ಮನೆ ಬಿಡ್ತಾಳೆ, ಎರಡೂವರೆಗೆ ಬರ್ತಾಳೆ. ಬೆಳಿಗ್ಗೆ ಮಗಳನ್ನ ಎಬ್ಬಿಸಿ, ತಲೆ ಬಾಚಿ, ತಿನ್ನಿಸಿ, ಸ್ಕೂಲಿಗೆ ಬಿಟ್ಟು ನಾನು ಪ್ರೆಸ್ಸಿಗೆ ಹೋಗೋದು. ಜಡೆ ನಾನೇ ಹಾಕ್ತೀನಿ. ಚೆನ್ನಾಗಿ ಹಾಕ್ತೀನಿ, ಹೊಲಿಗೆ ಕೈ ಅಲ್ವಾ...

ಹೌದು. ಬೆಳಿಗ್ಗೆ. ಮನೇಲಿ... ಮೊದಲು ಕಿಟಕಿ ಹತ್ರ ನಿಂತು ಸೇದ್ತಿದ್ದೆ, ಹೊಗೆ ಆಚೆ ಹೋಗುತ್ತೆ ಅಂತ. ಎದುರು ಗೋಡೆಗೆ ಹೊಡೆದು ವಾಪಸ್ ಬರೋದು. ಆಮೇಲೆ ಬಚ್ಚಲಲ್ಲಿ. ಬಾಗಿಲು ಹಾಕ್ಕೊಂಡು, ಕೆಳಗೆ ಸಂದಿಗೆ ಒದ್ದೆ ಟವಲ್ ತುರುಕಿ. ಜಾಣ ಅಂದ್ಕೊಂಡಿದ್ದೆ... ಅದು ನಿಲ್ಲಲ್ಲ ಅಂತ ಈಗ ಹೇಳ್ತಾರೆ. ಗಂಟೆಗಟ್ಟಲೆ ಇರುತ್ತೆ, ಗೋಡೆಲಿ, ಹೊದಿಕೆಲಿ, ನನ್ನ ಶರ್ಟಲ್ಲಿ... ಹೌದಾ, ತಲೆಕೂದಲಲ್ಲೂನಾ?... ಮಗಳ ಹಾಸಿಗೆ ಇರೋದು ಬಚ್ಚಲ ಗೋಡೆಗೆ ತಾಗಿಕೊಂಡೇ. ಅಲ್ಲಿ ಬೆಚ್ಚಗಿರುತ್ತೆ ಅಂತ ನಾನೇ ಹಾಕಿದ್ದು...

ಇಲ್ಲ. ಅವಳಿಗೆ ಗೊತ್ತಿಲ್ಲ. ಹೆಂಡತಿಗೆ. ಬೀದೀಲಿ ಸೇದ್ತೀನಿ ಅಂತ ಗೊತ್ತು, ಮನೇಲಿ ಅಂತ ಗೊತ್ತಿಲ್ಲ. ಮಗಳಿಗೆ ಮೂರು ವರ್ಷ ಆಗಿದ್ದಾಗ ಮೊದಲನೇ ಸಲ ಉಸಿರು ಕಟ್ಟಿತ್ತು. ಆವತ್ತೇ ನನ್ನ ಕೈ ಹಿಡ್ಕೊಂಡು ಮಾತು ತಗೊಂಡಿದ್ಲು, ಹೊಸ್ತಿಲೊಳಗೆ ಇನ್ಮೇಲೆ ಹಚ್ಚಲ್ಲ ಅಂತ. ನಾಲ್ಕು ವರ್ಷದಿಂದ ನನ್ನನ್ನ ನಂಬಿಕೊಂಡಿದಾಳೆ. ಮನೆಗೆ ಬಂದಾಗ ವಾಸನೆ ಬಂದ್ರೆ ‘ನಿಮ್ಮ ಬಟ್ಟೆದೇ ಇಷ್ಟು ನಾತ, ಬಾಗಿಲಲ್ಲೇ ಬಿಚ್ಚಿ’ ಅಂತಾಳೆ. ಬಿಚ್ತೀನಿ...

ಮಗಳಿಗೆ ಗೊತ್ತಿಲ್ದೆ ಏನು? ಅವಳ ಮುಂದೇನೇ ಎಲ್ಲಾ. ನಾವು ಅವಳನ್ನ ಮೆಣಸು ಅಂತ್ಲೇ ಕರೆಯೋದು. ಇಷ್ಟೇ ಇದಾಳೆ, ಆದ್ರೆ ಕಚ್ಚಿದ್ರೆ ಖಾರ. ‘ಅಪ್ಪಾ, ಅಮ್ಮ ಕೇಳಿದ್ರೆ?’ ಅಂದ್ಲು ಒಂದಿನ. ‘ಇಲ್ಲ ಅನ್ನು’ ಅಂದೆ. ‘ಅಪ್ಪ ಸೇದಲ್ಲ ಅನ್ನು.’ ಆಟ ಅಂತ ತಗೊಂಡ್ಲು. ಆಮೇಲೆ ನಾನು ಹೇಳೋದೇ ಬೇಕಿರಲಿಲ್ಲ. ನಾನು ಬಚ್ಚಲಿಂದ ಬಂದ ತಕ್ಷಣ ಸ್ಟೂಲ್ ಹತ್ತಿ ಕಿಟಕಿ ತೆಗೆಯೋಳು, ನೋಟ್‌ಬುಕ್ಕಲ್ಲಿ ಗಾಳಿ ಬೀಸೋಳು. ಕೊನೆಗೆ ಪೌಡರ್ ಡಬ್ಬಿ ತಂದು ರೂಮಲ್ಲೆಲ್ಲಾ ಉದುರಿಸೋಳು, ವಾಸನೆ ಹೋಗಲಿ ಅಂತ. ಹೊಗೆ ಮೇಲೆ ಪೌಡರು. ಅದರೊಳಗೆ ನಿಂತು ಕೆಮ್ಮೋಳು... ನಾನಾ? ನಾನು ನಗ್ತಿದ್ದೆ ಮೇಡಂ. ಎಷ್ಟು ಚುರುಕು ನನ್ನ ಮಗಳು ಅಂತ...

ಕೆಮ್ಮು ಅವಳಿಗೆ ಮೂರು ವರ್ಷ ಆದಾಗಿಂದಾನೂ ಇದೆ. ಕಿವಿ ಸೋರೋದು. ಶೀತ ಅಂದ್ರೆ ಶೀತ. ಸ್ಕೂಲಲ್ಲಿ ಓಡಿದ್ರೆ ಟೀಚರ್ ಕೂರಿಸಿಬಿಡ್ತಾರೆ. ನಾವು ದೂರದೆ ಬಿಟ್ಟಿದ್ದು ಯಾವುದೂ ಇಲ್ಲ. ಧೂಳು ಅಂದ್ವಿ. ಐಸ್ ಅಂದ್ವಿ. ಪಾರಿವಾಳ ಅಂತ ನಾನೇ ಕಂಡುಹಿಡಿದೆ, ಅದರ ರೆಕ್ಕೆಪುಕ್ಕ ಉಸಿರಿಗೆ ಕೆಟ್ಟದ್ದು ಅಂತ. ಮೂರು ತಿಂಗಳು ಆ ಪಾರಿವಾಳಗಳ ಜೊತೆ ಯುದ್ಧ. ಕಿಟಕಿಗೆ ಜಾಲರಿ ಹೊಡೆದೆ, ಬಾಯಲ್ಲಿ ಸಿಗರೇಟು ಕಚ್ಚಿಕೊಂಡು ಮೊಳೆ ಹೊಡೆದೆ... ನಗಿ, ಪರವಾಗಿಲ್ಲ. ನಾನೂ ನಿನ್ನೆ ಅದನ್ನ ನೆನಸ್ಕೊಂಡು ವಾರ್ಡಲ್ಲಿ ನಕ್ಕುಬಿಟ್ಟೆ. ಪಕ್ಕದ ಮಂಚದವರು ನನ್ನನ್ನೇ ನೋಡಿದ್ರು...

ಅವಳನ್ನ ಇಲ್ಲಿಗೆ ತಂದ ದಿನ ಸ್ಕೂಲಿಗೆ ರಜ. ನಮ್ಮ ಪ್ರೆಸ್ಸಿಗೂ ರಜ. ಹೋಟೆಲಿಗೆ ಮಾತ್ರ ಯಾವತ್ತೂ ರಜ ಇಲ್ವಲ್ಲ, ಅವಳು ಹೋಗಿದ್ಲು. ಕತ್ತರಿಸಿ ಉಳಿದ ಹಾಳೆ ತಂದಿದ್ದೆ, ಮಗಳಿಗೆ ಒಂದು ಪುಟ್ಟ ಪುಸ್ತಕ ಹೊಲಿದುಕೊಡೋಣ ಅಂತ ಇಬ್ರೂ ನೆಲದ ಮೇಲೆ ಕೂತಿದ್ವಿ. ಅವಳು ದಾರ ಹಿಡಿಯೋದು, ನಾನು ಸೂಜಿ ಹಾಕೋದು. ಭಾಳ ಚಳಿ, ಕಿಟಕಿ ಹಾಕಿದ್ದೆ. ಬಚ್ಚಲಿಗೆ ಮೂರು ಸಲ ಹೋಗಿ ಬಂದೆ. ನಾಲ್ಕನೇ ಸಲ ಏಳಕ್ಕೆ ಸೋಮಾರಿತನ... ಅಲ್ಲೇ ಹಚ್ಚಿದೆ. ಒಂದೇ ಅಲ್ವಾ ಅಂದ್ಕೊಂಡೆ...

ಅವಳು ದಾರ ಬಿಟ್ಲು. ನಾನು ನೋಡಲಿಲ್ಲ, ‘ಹಿಡ್ಕೊಳೇ ಮೆಣಸು’ ಅಂದೆ. ಮಾತಿಲ್ಲ. ತಲೆ ಎತ್ತಿ ನೋಡಿದ್ರೆ ಭುಜ ಕಿವಿಗೆ ಬಂದಿತ್ತು. ಕತ್ತಿನ ಗುಳಿ ಒಳಗೆ ಒಳಗೆ ಹೋಗ್ತಿತ್ತು. ಉಸಿರು ಒಳಗೆ ಎಳೀತಾಳೆ, ಆಚೆ ಬರ್ತಿಲ್ಲ. ಸೀಟಿ ಹಾಕಿದ ಹಾಗೆ ಸದ್ದು. ಅವಳದೊಂದು ಪಂಪ್ ಇದೆ, ಬಾಯಿಗೆ ಒತ್ತೋದು. ಮೇಡಂ, ಅದು ಮನೇಲಿ ಎಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ... ಅವಳಮ್ಮಾನೇ ಯಾವಾಗಲೂ ಕೊಡೋದು. ಸಿಗರೇಟು ಎಲ್ಲೆಲ್ಲಿ ಬಚ್ಚಿಟ್ಟಿದೀನಿ ಕೇಳಿ, ಐದು ಜಾಗ ಕಣ್ಣುಮುಚ್ಚಿ ಹೇಳ್ತೀನಿ. ಪಂಪ್ ಎಲ್ಲಿದೆ ಅಂತ ಗೊತ್ತಿಲ್ಲ. ಕಪಾಟು ಎಲ್ಲಾ ಕಿತ್ತು ಹಾಕಿದೆ. ಕೊನೆಗೆ ಅವಳೇ, ಮಾತಾಡಕ್ಕೆ ಆಗ್ತಿಲ್ಲ, ಬೆರಳು ತೋರಿಸಿದ್ಲು. ಸ್ಕೂಲ್ ಬ್ಯಾಗ್. ಮುಂದಿನ ಜೇಬು...

ಎರಡು ಸಲ ಒತ್ತಿದೆ. ಏನೂ ಆಗಲಿಲ್ಲ. ಎತ್ಕೊಂಡು ಮೂರು ಮಹಡಿ ಇಳಿದೆ. ಕೆಳಗಿನ ಅಂಗಡಿಯವರು ವ್ಯಾನ್ ತೆಗೆದ್ರು. ಹಿಂದೆ ಹಾಲಿನ ಕ್ರೇಟುಗಳ ಮಧ್ಯೆ ಕೂತಿದ್ವಿ. ತುಟಿ ನೀಲಿ ಆಗಿತ್ತು. ಕಣ್ಣು ಮಾತ್ರ ನನ್ನ ಮೇಲೆ... ಇಲ್ಲ, ಅಳಲಿಲ್ಲ. ಅಳಕ್ಕೂ ಉಸಿರು ಬೇಕಲ್ಲ...

ಒಂದು ನಿಮಿಷ ಮೇಡಂ... ಯಾರೋ ಬಂದ್ರು... ಹಾಂ, ಹೋಗಿ ಸಾರ್, ಜಾಗ ಇದೆ... ಹೇಳಿ. ಇದೀರಾ?...

ಮಾಸ್ಕ್ ಹಾಕಿದ್ರು, ಸೂಜಿ ಹಾಕಿದ್ರು. ಒಂದು ಗಂಟೆ ಆದ ಮೇಲೆ ಬಣ್ಣ ಬಂತು. ಅಷ್ಟು ಹೊತ್ತಿಗೆ ಹೆಂಡತೀನೂ ಓಡಿ ಬಂದಿದ್ಲು, ಲಾಂಡ್ರಿ ಏಪ್ರನ್ನೂ ಬಿಚ್ಚಿರಲಿಲ್ಲ. ಡಾಕ್ಟರು, ಹೆಂಗಸು, ಚಿಕ್ಕ ವಯಸ್ಸು, ಪೆನ್ ಹಿಡ್ಕೊಂಡು ನಿಂತು ಕೇಳಿದ್ರು: ಮನೇಲಿ ಯಾರಾದ್ರೂ ಸಿಗರೇಟು ಸೇದ್ತೀರಾ? ನನ್ನ ಬಾಯಿ ಅಂಟು ಹಾಕಿದ ಹಾಗೆ ಆಯ್ತು. ಹೇಳಬೇಕು ಅಂತಾನೇ ಇದ್ದೆ. ಇದ್ದೆ ಅಂದ್ಕೋತೀನಿ. ಅಷ್ಟರಲ್ಲಿ ಮಂಚದ ಮೇಲಿಂದ ಇವಳು ಮಾಸ್ಕ್ ಸರಿಸಿ... ಕೈಯಲ್ಲಿ ಸೂಜಿ ಇದೆ, ಆ ಕೈಯಲ್ಲೇ ಸರಿಸಿ... ‘ಅಪ್ಪ ಸೇದಲ್ಲ’ ಅಂದ್ಲು...

...

ಹಾಂ. ಅಷ್ಟೇ. ಅವಳ ಬಾಯಿಂದ ಬಂದ ಮೊದಲನೇ ಮಾತು ಅದು. ಹೇಳಿಬಿಟ್ಟು ನನ್ನ ಕಡೆ ನೋಡಿದ್ಲು, ಸರಿಯಾಗಿ ಹೇಳಿದ್ನಾ ಅಂತ...

ಇಲ್ಲ ಮೇಡಂ, ಸರಿ ಮಾಡಲಿಲ್ಲ. ಡಾಕ್ಟರ್ ‘ಇಲ್ಲ’ ಅಂತ ಬರ್ಕೊಂಡ್ರು. ನಾನು ನೋಡ್ತಾ ನಿಂತಿದ್ದೆ. ಆಮೇಲೆ ಹೊರಗೆ ಹೋಗಿ ಸೇದಿದೆ. ಅದನ್ನೂ ಹೇಳಿಬಿಡ್ತೀನಿ. ಎರಡು ಸೇದಿದೆ...

ಅದರಿಂದ ಏನಾಯ್ತು ಕೇಳಿ. ಸೇದೋರಿಲ್ಲ ಅಂದ ಮೇಲೆ ಡಾಕ್ಟರ್ ಬೇರೆ ಕಾರಣ ಹುಡುಕಿದ್ರು. ಮನೇಲಿ ತೇವ ಇದೆಯಾ, ಬೂಷ್ಟು ಇದೆಯಾ, ಕೆಲಸದ ಜಾಗದಲ್ಲಿ ಕೆಮಿಕಲ್ ಇದೆಯಾ ಅಂತ. ಕೆಮಿಕಲ್ ಅಂದ ತಕ್ಷಣ ಹೆಂಡತಿ ಏಪ್ರನ್ ಹಿಡ್ಕೊಂಡ್ಲು. ಬ್ಲೀಚಿಂಗು. ಲಾಂಡ್ರಿ ಅಂದ್ರೆ ಅದೇ ಅಲ್ವಾ. ‘ನಾನು ಅದನ್ನ ಮೈಮೇಲೆ ಹಾಕ್ಕೊಂಡು ಬಂದು ಅವಳನ್ನ ತಬ್ಬಿಕೊಳ್ತಿದ್ದೆ’ ಅಂದ್ಲು. ಆ ಹೊತ್ತಿಂದ ಮಗಳನ್ನ ಮುಟ್ಟಿಲ್ಲ ಮೇಡಂ. ನಾಲ್ಕು ದಿನದಿಂದ ಮುಟ್ಟಿಲ್ಲ. ಮಂಚದಿಂದ ಎರಡಡಿ ಆಚೆ ಸ್ಟೂಲ್ ಹಾಕ್ಕೊಂಡು ಕೂತಿರ್ತಾಳೆ. ಮನೆಗೆ ಹೋಗಿ ದಿಂಬು, ಹೊದಿಕೆ, ಬಟ್ಟೆ ಬೊಂಬೆ ಎಲ್ಲಾ ಎಸೆದು ಬಂದಿದಾಳೆ. ನೆಲ ಉಜ್ಜಿ ಉಜ್ಜಿ ಮಂಡಿ ತರಚಿಕೊಂಡಿದಾಳೆ. ಈಗ ಕೆಲಸಾನೂ ಬಿಡ್ತೀನಿ ಅಂತಿದಾಳೆ. ಒಂಬತ್ತು ವರ್ಷದ ಕೆಲಸ. ಅವಳಿಗೆ ಆ ಕೆಲಸ ಅಂದ್ರೆ ಪ್ರಾಣ, ಅಲ್ಲಿ ಅವಳ ಕೈಕೆಳಗೆ ಆರು ಜನ ಹೆಂಗಸರಿದಾರೆ. ನಾನು ಪಕ್ಕದಲ್ಲಿ ಕೂತು ಹೂಂ ಅಂತಿದೀನಿ. ಕಲ್ಲು. ಗುಂಡುಕಲ್ಲು ಅಂದ್ನಲ್ಲ, ಸುಮ್ಮನೆ ಅಂದಿದ್ದಲ್ಲ...

ಹೇಳ್ತೀನಿ, ಹೇಳ್ತೀನಿ. ಅದೇ ಬಾಯಿಗೆ ಬರ್ತಿಲ್ಲ. ನಿಮ್ಮ ನಂಬರ್ ಹೇಗೆ ಸಿಕ್ತು ಗೊತ್ತಾ? ವಾರ್ಡಿನ ಗೋಡೇಲಿ ಒಂದು ಡಬ್ಬಿ ಇದೆ, ಅದರಲ್ಲಿ ಮಡಚಿದ ಹಾಳೆಗಳು. ನಿನ್ನೆ ಹೊತ್ತು ಹೋಗದೆ ಒಂದು ತಗೊಂಡೆ. ಕೈಗೆ ಬಂದ ತಕ್ಷಣ ಗೊತ್ತಾಯ್ತು, ನನ್ನದೇ ಮಡಿಕೆ ಅದು. ಮೂರು ಮಡಿಕೆ, ಮೂಲೇಲಿ ಕೂದಲೆಳೆಯಷ್ಟು ಜಾಗ ಬಿಟ್ಟು. ಹೋದ ವರ್ಷ ನಮ್ಮ ಪ್ರೆಸ್ಸಲ್ಲೇ ಆಗಿದ್ದು, ಎಂಟು ಸಾವಿರ ಹಾಳೆ ನಾನೇ ಮಡಚಿದ್ದೆ. ಒಂದನ್ನೂ ಓದಿರಲಿಲ್ಲ. ನಾವು ಓದಲ್ಲ ಮೇಡಂ, ಪುಟದ ನಂಬರ್ ನೋಡ್ತೀವಿ ಅಷ್ಟೆ...

ಓದಿದೆ. ಮಕ್ಕಳು ಮತ್ತು ಹೊಗೆ ಅಂತ ಇತ್ತು. ಕಿವಿ ಸೋರೋದು ಬರೆದಿತ್ತು, ಕೆಮ್ಮು, ಉಬ್ಬಸ, ಎಲ್ಲಾ ನಮ್ಮ ಮನೆ ಕಥೆ. ಕೊನೇಲಿ ಒಂದು ಸಾಲು. ಹಸುಗೂಸು ಮಲಗಿದ್ದ ಹಾಗೇ ಇದ್ದಕ್ಕಿದ್ದಂತೆ ತೀರಿಕೊಳ್ಳೋ ಅಪಾಯ... ಹೊಗೆ ಇರೋ ಮನೇಲಿ ಹೆಚ್ಚು, ಅಂತ...

ಹಾಂ. ಅದೇ. ಇದ್ದ ಒಬ್ಬ ಅಂದ್ನಲ್ಲ... ಮೊದಲನೇದು. ಗಂಡು. ಎರಡು ತಿಂಗಳು ಹನ್ನೆರಡು ದಿನ. ಚೆನ್ನಾಗಿದ್ದ. ಹಾಲು ಕುಡಿದು ಮಲಗಿದ್ದ, ಬೆಳಿಗ್ಗೆ ಎಬ್ಬಿಸಿದ್ರೆ ಏಳಲಿಲ್ಲ. ಏನೂ ಇಲ್ಲ, ಜ್ವರ ಇಲ್ಲ, ವಾಂತಿ ಇಲ್ಲ. ಆಗ ನಾವಿದ್ದ ರೂಮಿಗೆ ಕಿಟಕೀನೂ ಇರಲಿಲ್ಲ. ಅವನು ನಮ್ಮಿಬ್ಬರ ಮಧ್ಯೆ ಮಲಗ್ತಿದ್ದ. ನಾನು ಗೋಡೆಗೆ ಒರಗಿಕೊಂಡು, ಇನ್ನೊಂದು ಕಡೆ ಮುಖ ಮಾಡಿ ಸೇದ್ತಿದ್ದೆ. ಮುಖ ಆ ಕಡೆ ಮಾಡಿದ್ರೆ ಆಯ್ತು ಅಂತ...

ಅವಳು ಒಂಬತ್ತು ವರ್ಷದಿಂದ ಏನು ನಂಬಿದಾಳೆ ಅಂದ್ರೆ... ನಿದ್ದೇಲಿ ಅವಳ ಕೈ ಅವನ ಮೇಲೆ ಬಿತ್ತು ಅಂತ. ಯಾರೂ ಹಾಗಂದಿಲ್ಲ, ಡಾಕ್ಟರೂ ಅಂದಿಲ್ಲ, ಅವಳೇ ಅಂದ್ಕೊಂಡಿದಾಳೆ. ಎಡಗೈ. ಮೆಣಸು ಹುಟ್ಟಿದ ಮೇಲೆ ಆ ಕೈನ ಸೆರಗಲ್ಲಿ ಸುತ್ತಿ ಬೆನ್ನ ಕೆಳಗೆ ಇಟ್ಕೊಂಡು ಮಲಗೋಳು. ಜೋಮು ಹಿಡಿದು ಎದ್ದು ಕೂತಿರೋಳು. ನಾನು ನೋಡಿದೀನಿ. ಎಷ್ಟೋ ಸಲ ನೋಡಿದೀನಿ...

ಮೇಡಂ, ನಾನು ಬಿಡಿಸೋ ಔಷಧಿ ಕೇಳಕ್ಕೆ ಮಾಡಿದ್ದಲ್ಲ ಫೋನು. ಒಂದೇ ಒಂದು ಪ್ರಶ್ನೆ. ಅವನದು... ನನ್ನಿಂದಾನಾ?...

...

ಹೇಳಿ. ಓದಿರೋರು ನೀವು. ನಾನೇನೂ ಮಾಡ್ಕೊಳಲ್ಲ, ಮೆಟ್ಟಿಲು ಬರೀ ಮೂರಡಿ ಇದೆ... ಹೌದು, ತಮಾಷೆ ಮಾಡಿದ್ದು. ಸಾರಿ... ಇಲ್ಲ, ಆ ಥರ ಯೋಚನೆ ಇಲ್ಲ. ನಿಜವಾಗ್ಲೂ ಇಲ್ಲ. ಮೇಲೆ ಮೆಣಸು ಇದಾಳೆ, ನಾನೆಲ್ಲಿಗೆ ಹೋಗ್ಲಿ... ಹೇಳಿ...

ಗೊತ್ತಾಗಲ್ಲ ಅಂದ್ರೆ?... ಒಂದು ಮಗು ವಿಷಯದಲ್ಲಿ ಹೀಗೇ ಅಂತ ಯಾರೂ ಹೇಳಕ್ಕಾಗಲ್ಲ... ಅಪಾಯ ಹೆಚ್ಚು ಮಾಡುತ್ತೆ, ಅದು ನಿಜ... ಹಾಂ. ಅದೇ ಕಾರಣ ಅಂತ ಹೇಳಕ್ಕಾಗಲ್ಲ, ಅಲ್ಲ ಅಂತಲೂ ಹೇಳಕ್ಕಾಗಲ್ಲ. ಹಾಗಾದ್ರೆ ನಾನು ಇದನ್ನ ಎಲ್ಲಿ ಇಟ್ಕೊಳ್ಳಲಿ?... ಹೌದು ಅಂದಿದ್ರೂ ಆಗೋದು, ಇಲ್ಲ ಅಂದಿದ್ರೂ ಆಗೋದು...

ಇಲ್ಲ, ನಿಮ್ಮ ಮೇಲೆ ಕೋಪ ಇಲ್ಲ. ಬೇರೆ ಯಾರಾದ್ರೂ ಆಗಿದ್ರೆ ಸಮಾಧಾನ ಹೇಳೋರು. ನೀವು ಹೇಳಲಿಲ್ಲ. ಪರವಾಗಿಲ್ಲ...

ಡಾಕ್ಟರಿಗಾ? ಇವತ್ತೇನಾ?... ಮನೆಗೆ ಕಳಿಸೋ ಮುಂಚೆ ಗೊತ್ತಾಗಬೇಕು, ಹಾಂ, ಔಷಧಿ ಲೆಕ್ಕ ಬದಲಾಗಬಹುದು. ಅದು ನನಗೆ ಹೊಳೆದಿರಲಿಲ್ಲ... ಹೇಳ್ತೀನಿ. ಬೈತಾರೆ... ಬೈಯಲ್ವಾ? ಬೈದ್ರೂ ಸರಿ...

ಬಿಡೋದು ಇವತ್ತಿಂದಾನೇ ಅಂತೀರಾ. ನಾಳೆ, ಮುಂದಿನ ವಾರ ಅಂತ ಇಟ್ಕೊಂಡ್ರೆ ಬರಲ್ಲ, ಅದು ನನಗೂ ಗೊತ್ತು... ಆಸ್ಪತ್ರೇಲೇ ಕೊಡ್ತಾರಾ, ಆ ಮೈಗೆ ಅಂಟಿಸೋ ನಿಕೋಟಿನ್ ಪಟ್ಟಿ? ಜಗಿಯೋದೂ ಇದೆಯಾ?... ಎರಡನೇ ಮಹಡೀಲೇ? ನಾಲ್ಕು ದಿನದಿಂದ ಆ ಬಾಗಿಲ ಮುಂದೇನೇ ಓಡಾಡ್ತಿದೀನಿ... ಮೂರು ದಿನ ಕಷ್ಟ. ತಲೆ ಸಿಡಿಯುತ್ತೆ, ಸಿಟ್ಟು ಬರುತ್ತೆ, ಗೊತ್ತು. ಹೆಂಡತಿ ಮೇಲೆ ರೇಗ್ತೀನಿ... ಬೇಕು ಅನ್ನಿಸಿದಾಗ ಐದು ನಿಮಿಷ ತಡೆದ್ರೆ ಇಳಿಯುತ್ತೆ ಅಂತೀರಾ? ಕೈಗೆ ಕೆಲಸ ಕೊಡಬೇಕು. ಹೊಲೀತೀನಿ. ದಾರ ಇದ್ದೇ ಇದೆ... ಬಿದ್ರೆ? ಮತ್ತೆ ಸೇದಿದ್ರೆ?... ಸುಳ್ಳು ಹೇಳದೆ ನಿಮಗೆ ಫೋನ್ ಮಾಡಬೇಕು. ಅದು ಸಿಗರೇಟಿಗಿಂತ ಕಷ್ಟ ಮೇಡಂ...

ಇನ್ನೊಂದು. ಮಗಳಿಗೆ ಏನು ಹೇಳಲಿ?... ಅವಳದು ತಪ್ಪಿಲ್ಲ ಅಂತ... ಅಪ್ಪನಿಗೋಸ್ಕರ ಇನ್ಮೇಲೆ ಸುಳ್ಳು ಹೇಳೋದು ಬೇಡ ಅಂತ... ಹಾಂ. ಹಾಂ... ಕೇಳಿಸ್ತಿದೆ, ಮೂಗು ಒರೆಸ್ಕೊಳ್ತಿದೀನಿ ಅಷ್ಟೆ...

ಹೆಂಡತಿಗೆ? ಅದೇ ಆಗ್ತಿಲ್ವಲ್ಲ ಮೇಡಂ. ಮೊದಲು ಯಾವುದು ಹೇಳಲಿ? ಬ್ಲೀಚಿಂಗ್ ಅಲ್ಲ ಅಂತಾನಾ, ಕೈ ಅಲ್ಲ ಅಂತಾನಾ?... ತಡೀರಿ... ಅಯ್ಯೋ. ಬಂದ್ಲು. ಇಲ್ಲಿಗೇ ಬರ್ತಿದಾಳೆ, ಹಿಂದಿನ ಬಾಗಿಲಲ್ಲಿದಾಳೆ... ಇಡಬೇಡಿ. ದಯವಿಟ್ಟು ಇಡಬೇಡಿ. ನೀವೇನೂ ಮಾತಾಡಬೇಡಿ, ಆ ಕಡೆ ಇರಿ ಸಾಕು. ನೀವಿದೀರಿ ಅಂದ್ರೆ ನಾನು ತಿರುಚಲ್ಲ...

ಬಾ... ಇಲ್ಲ, ಯಾರೂ ಇಲ್ಲ. ಇದಾರೆ. ಫೋನಲ್ಲಿದಾರೆ, ಸಿಗರೇಟು ಬಿಡಿಸೋರು. ಕೂತ್ಕೋ... ಮೆಣಸು ಮಲಗಿದಾಳಾ? ನರ್ಸ್ ಹತ್ರ ಹೇಳಿ ಬಂದ್ಯಾ?... ಕೂತ್ಕೋ ಕಣೆ, ನಿಂತ್ಕೊಂಡು ಕೇಳೋದಲ್ಲ...

ಏನು? ಈಗಾ? ಸೂಪರ್‌ವೈಸರ್‌ಗೆ ಹೇಳಿಬಿಟ್ಯಾ? ಆಗಲೇ?... ಇವತ್ತಿಂದಾನೇ ಬರಲ್ಲ ಅಂತಾನಾ?... ಅವರೇನಂದ್ರು?... ಸರಿ ಅಂದ್ರಾ...

ನೀನು ತಪ್ಪು ಮಾಡಿದೆ. ಇಲ್ಲ, ನಾನು. ನಾನು ತಪ್ಪು ಮಾಡಿದೆ. ಬ್ಲೀಚಿಂಗ್ ಅಲ್ಲ ಕಣೆ. ನಿನ್ನ ಬಟ್ಟೆ ಅಲ್ಲ. ನಾನು ಮನೇಲಿ ಸೇದ್ತಿದ್ದೆ... ದಿನಾ. ಬೆಳಿಗ್ಗೆ. ನೀನು ಹೋದ ಮೇಲೆ... ನಿಲ್ಲಿಸೇ ಇರಲಿಲ್ಲ. ನಿನಗೆ ಮಾತು ಕೊಟ್ಟೆನಲ್ಲ, ಒಂದು ವಾರ ನಿಲ್ಲಿಸಿದ್ದೆ, ಅಷ್ಟೇ...

ಬಚ್ಚಲಲ್ಲಿ. ಆವತ್ತು ರೂಮಲ್ಲೇ. ಅವಳ ಪಕ್ಕದಲ್ಲೇ... ಗೊತ್ತಿತ್ತು ಅವಳಿಗೆ. ನಾನೇ ಹೇಳಿಕೊಟ್ಟಿದ್ದು, ಅಪ್ಪ ಸೇದಲ್ಲ ಅನ್ನು ಅಂತ. ಪೌಡರು ಅದಕ್ಕೇ. ನೀನು ಪೌಡರ್ ಚೆಲ್ತಾಳೆ ಅಂತ ಅವಳಿಗೆ ಹೊಡೆದೆಯಲ್ಲ, ಅದಕ್ಕೇ ಅವಳು...

... ಏನಾದ್ರೂ ಅನ್ನು. ಬೈಯಿ... ನನ್ನ ಕಡೆ ನೋಡಬೇಡ, ಹೋಗಲಿ, ಏನಾದ್ರೂ ಅನ್ನು...

...

ಏನಂದೆ?... ಅವನಾ...

ನೀನು ಹೇಗೆ... ಆ ಹಾಳೆ ನೀನೂ ಓದಿದ್ಯಾ? ಯಾವಾಗ?... ಮೊನ್ನೇನೇ? ಓದಿ ಸುಮ್ಮನಿದ್ಯಾ?... ಹೌದು. ಆವಾಗ್ಲೂ ಸೇದ್ತಿದ್ದೆ, ನೀನೇ ನೋಡಿದೀಯಲ್ಲ... ಇವರನ್ನ ಕೇಳಿದೆ, ಅದನ್ನೇ ಕೇಳಿದೆ. ಯಾರಿಗೂ ಗೊತ್ತಾಗಲ್ಲ ಅಂತಾರೆ. ನನ್ನಿಂದ ಆಗಿರಬಹುದು. ಆಗಿರದೇ ಇರಬಹುದು. ಅದು ನನಗಿರಲಿ. ನೀನು ಅದನ್ನ ಹೊತ್ಕೋಬೇಡ. ಕೈ ಬಿದ್ದಿದೆ ಅಂತ ಯಾರು ನೋಡಿದ್ರು? ಬೆಳಿಗ್ಗೆ ಅವನನ್ನ ಮೊದಲು ನೋಡಿದ್ದು ನಾನು. ನೀನು ಆ ಕಡೆ ಗೋಡೆಗೆ ಮುಖ ಮಾಡಿ ಮಲಗಿದ್ದೆ, ಎರಡೂ ಕೈ ನಿನ್ನ ತಲೆ ಕೆಳಗಿತ್ತು. ಕೈ ಅಲ್ಲ ಕಣೆ. ಒಂಬತ್ತು ವರ್ಷ ನಾನು ಹೇಳಲಿಲ್ಲ. ಹೇಳಿದ್ರೆ ಮತ್ತೇನು ಅಂತ ನೀನು ಕೇಳ್ತೀಯ, ಅದಕ್ಕೆ ಹೇಳಲಿಲ್ಲ...

... ಮುಟ್ಟಲ್ಲ. ಆಯ್ತು, ಮುಟ್ಟಲ್ಲ. ಅತ್ತುಬಿಡು...

ಹಾಂ?... ನಿಮ್ಮಕ್ಕನ ಮನೆಗಾ? ನಾಳೆ ನೇರವಾಗಿ ಅಲ್ಲಿಗೇನಾ?... ಎಷ್ಟು ದಿ... ಇಲ್ಲ. ಕೇಳಲ್ಲ. ನೀನು ಹೇಳಿದಾಗ. ನಾನು ಮನೆಗೆ ಸುಣ್ಣ ಬಳಿಸ್ತೀನಿ, ಪರದೆ ಎಲ್ಲಾ... ಆಯ್ತು, ಅದನ್ನೂ ಹೇಳಲ್ಲ... ಮೆಣಸಿಗೆ ಏನು ಹೇಳ್ತೀಯ?... ಅದು ನಾನೇ ಹೇಳ್ಬೇಕಾ. ಸರಿ...

ಮಗಳನ್ನಾ? ಮುಟ್ಟಬಹುದು ಕಣೆ... ಎಲ್ಲಿಗೆ? ತಡಿ, ಡಾಕ್ಟರಿಗೆ ನಾನು... ತಡಿಯೇ...

ಮೇಡಂ, ಇದೀರಾ?... ಹೋದ್ಲು. ಓಡಿ ಹೋದ್ಲು, ಮೆಟ್ಟಿಲು ಎರಡೆರಡು ಹತ್ತಿಕೊಂಡು. ವಾರ್ಡಿಗೆ. ಡಾಕ್ಟರ್ ಹತ್ರ ಅಲ್ಲ, ಮಗಳನ್ನ ಎತ್ಕೋಬೇಕಂತೆ. ಮುಟ್ಟಬಹುದಾ ಅಂತ ಕೇಳಿದ್ಲು ಮೇಡಂ, ನನ್ನನ್ನ ಕೇಳಿದ್ಲು... ಹಾಂ. ನಾನೂ ಹೋಗ್ತಿದೀನಿ, ಹತ್ತುತ್ತಿದೀನಿ. ಮೊದಲು ಡಾಕ್ಟರ ರೂಮು, ಆಮೇಲೆ ಆ ಪಟ್ಟಿ ಕೊಡೋ ಬಾಗಿಲು. ಜೇಬಲ್ಲಿ? ಇದೆ. ಏಳು ಉಳಿದಿದೆ. ಕೊಳೆಬಟ್ಟೆ ಗಾಡಿಗೆ ಹಾಕಿದೆ, ಈಗ, ಹೋಗ್ತಾ ಇತ್ತು... ಹೆಮ್ಮೆ ಪಡೋದೇನೂ ಇಲ್ಲ, ಮನೇಲಿ ಇನ್ನೂ ಐದು ಜಾಗ ಇದೆ ಅಂದ್ನಲ್ಲ. ಇವತ್ತು ಅಲ್ಲಿಗೆ ಒಬ್ಬನೇ ಹೋಗ್ಬೇಕು...

ನಾಳೆ ನೀವೇ ಮಾಡ್ತೀರಾ? ಇದೇ ಹೊತ್ತಿಗೆ?... ಮಾಡಿ. ಈ ನಂಬರಿಗೇ. ನಾನು ಎತ್ತದೆ ಇರಬಹುದು... ಬೇಕಂತ ಅಲ್ಲ. ಸೇದಿರ್ತೀನಿ, ಎತ್ತೋ ಮುಖ ಇರಲ್ಲ, ಅದಕ್ಕೆ. ಎತ್ತದಿದ್ರೆ ಬಿಟ್ಟುಬಿಡಬೇಡಿ... ಹಾಂ? ಏನಂದ್ರಿ?... ಹಲೋ, ಲಿಫ್ಟ್ ಹತ್ರ ಬಂದೆ, ಕಟ್ ಕಟ್ ಆಗ್ತಿದೆ... ಕೇಳಿಸ್ತಿಲ್ಲ ಮೇಡಂ... ನಾನು ಹೇಳ್ತಿರೋದು ಕೇಳಿಸ್ತಿದೆಯಾ? ಎತ್ತದಿದ್ರೆ ಇನ್ನೊಂದು ಸಲ ಮಾಡಿ. ಅದಕ್ಕೂ ಎತ್ತದಿದ್ರೆ ಮತ್ತೊಂದು ಸ...